ಹನ್ನೆರಡು ಬೋಲ್ಟುಗಳ ಗೆರೆ

ಮೇ 9, 1994, ಸೋಮವಾರ
ನೋವು: ಹತ್ತಕ್ಕೆ ಏಳು.

ಈ ಪುಸ್ತಕ ನನ್ನ ಆಸೆಯಲ್ಲ. ಹದಿನೈದು ದಿನಕ್ಕೊಮ್ಮೆ ಪುಟ್ಟ ವಿಮಾನದಲ್ಲಿ ಕ್ಯಾರೋ ವೆಲ್‌ಗೆ ಬಂದಿಳಿಯುವ ವ್ಯಾಯಾಮದ ಡಾಕ್ಟರಮ್ಮ ಕೊಟ್ಟದ್ದು. "ನೆವಿಲ್, ಭುಜದ ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ದಿನಾ ಬರೀರಿ. ಆವತ್ತು ಮನಸ್ಸು ಹೇಗಿತ್ತು ಅಂತಾನೂ ಎರಡು ಸಾಲು ಬರೀರಿ, ನೋವಿಗೂ ಅದಕ್ಕೂ ಸಂಬಂಧ ಇರತ್ತೆ" ಎಂದಳು. ಅಡಿಲೇಡಿನಲ್ಲಿ ಬಲಭುಜ ಕೊಯ್ದು, ಹೊಲಿದು ಕಳಿಸಿ ನಾಲ್ಕು ವಾರವಾಯಿತು. ಮೂರು ತಿಂಗಳು ಚಹಾದ ಕಪ್ಪಿಗಿಂತ ಭಾರದ್ದೇನನ್ನೂ ಎತ್ತಬಾರದಂತೆ. ಮೂವತ್ತೊಂದು ವರ್ಷ ಕೌನ್ಸಿಲ್ಲಿನ ರಸ್ತೆ ಸಮಮಾಡುವ ಗ್ರೇಡರು, ಲಾರಿಗಳನ್ನು ಬಿಚ್ಚಿ ಕಟ್ಟಿದವನಿಗೆ ಈಗ ಕಪ್ಪು ಎತ್ತುವ ಕೆಲಸ.

ಮನಸ್ಸು ಹೇಗಿತ್ತು ಎಂದರೆ, ಕೆಟ್ಟಿತ್ತು.

ಕೋರಲ್ ಸಂಜೆ ಆರಕ್ಕೆ ಮನೆಗೆ ಬಂದಳು. ಸೋಮವಾರ, ಗುರುವಾರ ನನ್ನ ಹೆಂಡತಿಯದ್ದು ಟಪಾಲಿನ ಓಟ. ಹನ್ನೊಂದು ಕುರಿ ಫಾರಮ್ಮುಗಳಿಗೆ ಕಾಗದ, ಬ್ರೆಡ್ಡು, ಔಷಧಿ, ಟ್ರ್ಯಾಕ್ಟರಿನ ಬೆಲ್ಟು ಎಲ್ಲ ಹೊತ್ತು ಮುನ್ನೂರೆಂಬತ್ತು ಕಿಲೋಮೀಟರು ಸುತ್ತುತ್ತಾಳೆ.

"ಡಚೆಸ್ ಮುಂದ್ಗಡೆ ಟಕ್ ಟಕ್ ಅಂತಿದಾಳೆ ಕಣೋ" ಎಂದಳು, ಟೋಪಿಯ ಧೂಳು ಕೊಡವುತ್ತ.

ಡಚೆಸ್ ಎಂದರೆ ನಮ್ಮ ಗಾಡಿ. ಸದಾಕಾಲ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹರಿಯುವ ಜಾತಿಯದ್ದು. ಬೇಡ ಎಂದರೂ ಮುಂದಿನ ಚಕ್ರಗಳು ದುಡಿಯುತ್ತಲೇ ಇರುತ್ತವೆ. ಮುಂದಿನ ಕೀಲು ಸವೆದಿದೆ ಎಂದು ಕೂತಲ್ಲೇ ಹೇಳಿದೆ. ಹೊಸದು ಬರಲು ಎರಡು ತಿಂಗಳು ಬೇಕು. ಬಂದರೂ ಕೂರಿಸುವ ಕೈ ಕೊರಳಿಗೆ ಕಟ್ಟಿದ ಈ ಜೋಳಿಗೆಯಲ್ಲಿ ನೇತಾಡುತ್ತಿದೆ.

ಮೇ 12, ಗುರುವಾರ
ನೋವು: ಏಳು. ರಾತ್ರಿ ಊಟದ ಮೇಲೆ ಎಂಟು.

ಎಂಟಾಗಲು ಕಾರಣ ಇದೆ. ಕೋರಲ್ ಊಟಕ್ಕೆ ಕೂತಾಗ, ಸಾಸ್ ಬಾಟಲಿ ಅಲ್ಲಾಡಿಸುತ್ತ, ಏನೂ ಅಲ್ಲವೆಂಬಂತೆ ಹೇಳಿದಳು: "ಜೋ ಹತ್ರ ಮಾತಾಡ್ದೆ. ಮುಂದಿನ ಚಕ್ರಕ್ಕೆ ಫ್ರೀವೀಲ್ ಹಬ್ ಹಾಕಿದ್ರೆ ಕೀಲಿಗೆ ಕೆಲಸಾನೇ ಇರಲ್ಲವಂತೆ. ಗಟ್ಟಿ ದಾರೀಲಿ ಮುಂದಿನ ಚಕ್ರ ಸುಮ್ನೆ ಉರುಳ್ಕೊಂಡು ಬರತ್ತೆ. ಮರಳು ಬಂದ್ರೆ ಇಳಿದು ಹಬ್ ತಿರುಗಿಸಿ ಚಕ್ರಾನ ಮತ್ತೆ ಎಂಜಿನ್ನಿಗೆ ಕಟ್ಟಿಕೊಳ್ಳೋದು."

ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂಥ ಹಬ್‌ಗಳು ಬೇರೆ ಜಾತಿಯ ಗಾಡಿಗೆ. ಸದಾ ನಾಲ್ಕು ಚಕ್ರದಲ್ಲಿ ಓಡಲೆಂದೇ ಮಾಡಿದ ಗಾಡಿಗೆ ಅದನ್ನು ತಗಲಿಸುವುದು ಬೂಟಿನ ಮೇಲೆ ಚಪ್ಪಲಿ ಹಾಕಿದ ಹಾಗೆ. ಹಾಗೆಂದೇ ಹೇಳಿದೆ.

"ಜೋ ಎರಡು ಗಾಡಿಗೆ ಹಾಕಿದಾನಂತಲ್ಲ, ಓಪಲ್ ಗಣಿ ಕಡೆ ಇದ್ದಾಗ" ಎಂದಳು.

ಜೋ ಅಂದರೆ ಯೋಸಿಪ್. ಕ್ರೊಯೇಷಿಯಾದಿಂದ ಬಂದು, ಇಪ್ಪತ್ತು ವರ್ಷ ಓಪಲ್ ಹರಳು ಅಗೆದು, ಹೋದ ಚಳಿಗಾಲದಲ್ಲಿ ನಮ್ಮ ಬೀದಿಯ ಕೊನೆಯ ತಗಡಿನ ಶೆಡ್ಡು ಕೊಂಡವನು. ಹೆಂಡತಿ ತೀರಿಕೊಂಡಿದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ತಲೆಯಲ್ಲಿ ಒಂದೇ ಒಂದು ಬಿಳಿ ಕೂದಲಿಲ್ಲ. ಸದಾ ಕೋಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು, ಊರೆಲ್ಲ ತನ್ನದೇ ಎಂಬ ಹಾಗೆ ನಿಲ್ಲುತ್ತಾನೆ. ಅವನನ್ನು ಕಂಡರೆ ನನಗೆ ಆಗುವುದಿಲ್ಲ. ಇಂದಿನಿಂದಲ್ಲ, ಮೊದಲ ದಿನದಿಂದ.

ನಮ್ಮ ಮನೆಯ ಗಾಡಿಗೆ ಇಪ್ಪತ್ತಾರು ವರ್ಷದಲ್ಲಿ ಬೇರೆ ಯಾರ ಕೈಯೂ ತಾಗಿಲ್ಲ. ನಾನು ಗಾಡಿಯ ಅಡಿಯಲ್ಲಿ, ಕೋರಲ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಟಾರ್ಚು ಹಿಡಿದು. ಅದನ್ನೂ ನೆಟ್ಟಗೆ ಹಿಡಿಯಲು ಬಾರದು ಅವಳಿಗೆ. ಪ್ರತಿ ಸಲವೂ "ನನ್ನ ಮುಖಕ್ಕಲ್ಲ ಕಣೇ, ಕೆಲಸಕ್ಕೆ ಹಿಡಿ" ಎನ್ನಬೇಕು. ಆದರೂ ಅದು ನಮ್ಮಿಬ್ಬರ ಕೆಲಸವಾಗಿತ್ತು.

ಮೇ 17, ಮಂಗಳವಾರ
ನೋವು: ಎಂಟು.

ಹಬ್ ಕೂತವು. ಶನಿವಾರ ಮತ್ತು ಇಂದು, ಎರಡು ಮಧ್ಯಾಹ್ನ ಕೋರಲ್ ಜೋನ ಶೆಡ್ಡಿನಲ್ಲೇ ಇದ್ದಳು. ಗಾಡಿ ಕೊಟ್ಟು ಮನೆಗೆ ಬರಬಹುದಿತ್ತಲ್ಲ.

ಬಂದವಳೇ ಹೊಸ ಕಾರು ತಂದವಳ ಹಾಗೆ ನನ್ನನ್ನು ಅಂಗಳಕ್ಕೆ ಎಳೆದಳು. ನಾನು ಹಠ ಹಿಡಿದು ಮೆಟ್ಟಿಲ ಮೇಲೇ ನಿಂತೆ.

"ಕೇಳಿಸ್ಕೋ, ನೆವ್. ಇದು ಮುಖ್ಯ. ಮುಂದಿನ ಚಕ್ರಕ್ಕೆ ರಜಾ ಕೊಟ್ಟಿರೋವಾಗ ಗೇರಿನ ಪಕ್ಕದ, ಮುಂದಿನ ಹಿಂದಿನ ಚಕ್ರಗಳನ್ನ ಒಟ್ಟಿಗೆ ಕಟ್ಟೋ ಈ ನಡುಬೀಗದ ಲಿವರ್ ಯಾವಾಗ್ಲೂ ಹಾಕಿರ್ಬೇಕು. ಜೋ ಹೇಳ್ತಾನೆ, ಶಕ್ತಿ ಅನ್ನೋದು ಸೋಮಾರಿಯಂತೆ..."

"ಜೋ ಹೇಳ್ತಾನೆ" ಎಂಬಲ್ಲಿಗೆ ನನ್ನ ಕಿವಿ ಮುಚ್ಚಿತು. ಊಟ ಮುಗಿಯುವ ಹೊತ್ತಿಗೆ ಏಳು ಸಲ ಜೋ ಏನೇನೋ ಹೇಳಿದ್ದ. ಎಣಿಸಿದೆ.

ಮೇ 18, ಬುಧವಾರ
ನೋವು: ಎಂಟು.

ಹೊಟ್ಟೆ ಉರಿಯುತ್ತಿದೆ. ಇದಕ್ಕೆ ಡಾಕ್ಟರಮ್ಮನ ಹತ್ತಿರ ಸಂಖ್ಯೆ ಇಲ್ಲ.

ಮೇ 24, ಮಂಗಳವಾರ
ನೋವು: ಆರು. ಆದರೆ ಕೆಳಗೆ ಓದಿ.

ಅಂಚೆಯೂ ದಿನಸಿಯೂ ಒಂದೇ ಆಗಿರುವ ಮೆರ್ಲ್‌ನ ಅಂಗಡಿಗೆ ಹಾಲು ತರಲು ಹೋಗಿದ್ದೆ. ಮೆರ್ಲ್ ಬಾಯಿ ಸುಮ್ಮನಿಡುವ ಹೆಂಗಸಲ್ಲ.

"ಏನ್ ನೆವ್, ಮನೇಲಿ ಮತ್ತೆ ಮದುವೆ ವಯಸ್ಸು ಬಂತಾ? ನಿನ್ನ ಹೆಂಡ್ತಿ ಉಗುರಿಗೆ ಹಚ್ಚೋ ಬಣ್ಣ ತಗೊಂಡ್ಲು. ಗುಲಾಬಿ. ಎರಡು ವರ್ಷದಿಂದ ಕಪಾಟಲ್ಲಿ ಕೂತಿತ್ತು ಪಾಪ, ಯಾರೂ ಕೇಳೋರಿರ್ಲಿಲ್ಲ."

ನಗುವ ಹಾಗೆ ಮಾಡಿ ಹಾಲು ತೆಗೆದುಕೊಂಡು ಬಂದೆ. ಕೋರಲ್ ಮಗಳ ಮದುವೆಯಲ್ಲೂ ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಸಂಜೆ ಅವಳು ಆಲೂಗಡ್ಡೆ ಸುಲಿಯುವಾಗ ಕೈ ನೋಡಿದೆ. ಉಗುರಿನಲ್ಲಿ ಬಣ್ಣವಿರಲಿಲ್ಲ. ಹೆಬ್ಬೆರಳಿನ ಮೇಲೆ ಒಂದು ಗೀರು, ಉಗುರಿನ ಸಂದಿಯಲ್ಲಿ ಕಪ್ಪು. ಹಾಗಾದರೆ ಆ ಬಣ್ಣ ಎಲ್ಲಿ ಹಚ್ಚುತ್ತಾಳೆ, ಯಾವಾಗ ಹಚ್ಚುತ್ತಾಳೆ, ಮನೆಗೆ ಬರುವ ಮುಂಚೆ ಯಾಕೆ ಒರೆಸಿಕೊಳ್ಳುತ್ತಾಳೆ?

ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ ಎಂಬ ಹೆದರಿಕೆ.

ಮೇ 28, ಶನಿವಾರ
ನೋವು: ಆರು.

ಊರಿಗೆ ಹಬ್‌ನ ಹುಚ್ಚು ಹತ್ತಿದೆ. ಕೋರಲ್ ಟಪಾಲಿನ ಓಟದಲ್ಲಿ ಡೀಸೆಲ್ ಉಳಿಸಿದಳೆಂದು ಸುದ್ದಿಯಾಗಿ, ಮೆರ್ಲ್‌ನ ಗಂಡ ಹಾಕಿಸಿದ, ಪೊಲೀಸಿನವನು ಹಾಕಿಸಿದ, ಕ್ಲಿನಿಕ್ಕಿನ ಗಾಡಿಗೂ ಆಗುತ್ತಿದೆಯಂತೆ. ಸಹಾಯಕ್ಕೆಂದು ಕೋರಲ್ ವಾರಕ್ಕೆರಡು ಮಧ್ಯಾಹ್ನ ಅಲ್ಲಿ. ಏನು ಸಹಾಯವೋ. ಟಾರ್ಚು ಹಿಡಿಯುತ್ತಿರಬೇಕು. ಅವನಿಗೆ ನೆಟ್ಟಗೆ ಹಿಡಿಯುತ್ತಾಳೋ ಏನೋ.

ಮೆರ್ಲ್‌ನ ಗಂಡನ ಗಾಡಿ ಅಂಗಡಿಯ ಮುಂದೆ ನಿಂತಿತ್ತು. ಯಾರೂ ಇಲ್ಲದ್ದು ನೋಡಿ ಬೂಟಿನ ದಾರ ಕಟ್ಟುವವನ ಹಾಗೆ ಬಗ್ಗಿ ಹಬ್ ಪರೀಕ್ಷೆ ಮಾಡಿದೆ. ಈ ಪುಸ್ತಕದಲ್ಲಿ ಮಾತ್ರ ಬರೆಯುತ್ತೇನೆ: ಕೆಲಸ ಚೆನ್ನಾಗಿದೆ. ಒಂದು ತೊಟ್ಟು ಗ್ರೀಸ್ ಹೊರಗೆ ಬಂದಿಲ್ಲ. ಬೋಲ್ಟಿನ ಮೂಲೆಗಳು ಒಂದೂ ಸವೆದಿಲ್ಲ. ಗ್ರೀಸ್ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ಟನ್ನು ಬಿಸ್ಕತ್ತಿನ ಡಬ್ಬದ ರಟ್ಟಿನಲ್ಲಿ ಕತ್ತರಿಸಿದ್ದಾನೆ, ಅಂಚು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಾನೂ ಹಾಗೇ ಕತ್ತರಿಸುತ್ತಿದ್ದದ್ದು. ಕಳ್ಳ, ಎಲ್ಲಿ ಕಲಿತನೋ.

ಕೆಟ್ಟ ಕೆಲಸ ಮಾಡಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಜೂನ್ 4, ಶನಿವಾರ
ನೋವು: ಯಾವುದರದ್ದು?

ಬರೆಯಬಾರದೆಂದುಕೊಂಡೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಊರೊಳಗೆ ಮಾತ್ರ ಗಾಡಿ ಓಡಿಸಬಹುದೆಂದು ಡಾಕ್ಟರಮ್ಮ ಹೇಳಿದ್ದಳು. ಬೆಳಿಗ್ಗೆ ಕೋರಲ್ ನನ್ನನ್ನು ಪಬ್ಬಿನ ಮುಂದೆ ಬಿಟ್ಟು, ಕೀಲಿ ನನಗೇ ಕೊಟ್ಟು, ಫುಟ್‌ಬಾಲ್ ಪಂದ್ಯಕ್ಕೆ ಸ್ಯಾಂಡ್‌ವಿಚ್ ಕಟ್ಟಲು ನಡೆದು ಹೋದಳು. ಹನ್ನೊಂದಕ್ಕೆ ನಾನು ಡಚೆಸ್ ಹತ್ತಿದೆ. ನೋಡುತ್ತೇನೆ, ಗಟ್ಟಿ ನೆಲದ ಮೇಲೆ ನಡುಬೀಗ ಹಾಕಿಯೇ ಇದೆ. ಸದಾ ನಾಲ್ಕು ಚಕ್ರದ ಗಾಡಿ ಓಡಿಸುವವನಿಗೆ ಕಲಿಸುವ ಮೊದಲ ಪಾಠವೇ ಅದು: ಗಟ್ಟಿ ನೆಲದಲ್ಲಿ ನಡುಬೀಗ ಹಾಕಬೇಡ, ಗೇರ್‌ಬಾಕ್ಸ್ ತಿರುಚಿಕೊಂಡು ಒಡೆಯುತ್ತದೆ. ಬೈದುಕೊಂಡು ಲಿವರ್ ಎಳೆದು ಬೀಗ ತೆಗೆದೆ. ಗೇರ್ ಹಾಕಿ ಕ್ಲಚ್ ಬಿಟ್ಟೆ.

ಎಂಜಿನ್ ಕೂಗಿತು. ಗಾಡಿ ಅಲ್ಲಾಡಲಿಲ್ಲ.

ಇನ್ನೂ ಒತ್ತಿದೆ. ಇನ್ನೂ ಕೂಗಿತು. ಒಂದಂಗುಲ ಮುಂದೆ ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿ ಹಬ್ಬ. ಮುರಿಯಿತು. ಜೋನ ಕೈಕೆಲಸ ನಡುಬೀದಿಯಲ್ಲಿ, ಊರಿನ ಮುಂದೆ ಮುರಿಯಿತು. ಪಬ್ಬಿನಿಂದ ಜನ ಹೊರಗೆ ಬಂದರು. ನಾನು ಗಾಡಿಯಿಂದಿಳಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನೋಡ್ರಪ್ಪ ನಿಮ್ಮ ಮೇಷ್ಟ್ರ ಕೆಲಸ. ಒಳಗೆ ಏನೋ ಪುಡಿಪುಡಿ ಆಗಿದೆ. ನಿಮ್ಮ ಗಾಡಿಗಳ್ದೂ ಇದೇ ಗತಿ."

ಈಗ ನನ್ನ ಜಾಗದಲ್ಲಿ ಗ್ರೇಡರ್ ನೋಡಿಕೊಳ್ಳುವ ಲೆಸ್‌ಗೆ ಹೇಳಿ ಅವನ ಗಾಡಿಗೆ ಹಗ್ಗ ಕಟ್ಟಿಸಿದೆ. ಊರ ಬೀದಿಯುದ್ದಕ್ಕೂ ಎಳೆಸಿದೆ, ನಿಧಾನವಾಗಿ, ಎಲ್ಲರೂ ನೋಡಲಿ ಎಂದು. ಹಿಂದೆ ಹತ್ತು ಹನ್ನೆರಡು ಜನ. ಜೋ ಶೆಡ್ಡಿನ ಬಾಗಿಲಲ್ಲಿ ಹಳೆಯ ಬಸ್ಸಿನ ಸೀಟಿನ ಮೇಲೆ ಕೂತಿದ್ದ. ಎದ್ದ. ಕೈ ಜೇಬಿನಲ್ಲೇ.

"ಬಿಚ್ಚಿ ನೋಡು, ಜೋ. ನಿನ್ನದೇ ತಾನೆ ಕೆಲಸ" ಎಂದೆ.

ಅವನು ಗಾಡಿ ಮುಟ್ಟಲೂ ಇಲ್ಲ. ಕಿಟಕಿಯಿಂದ ಬಗ್ಗಿ ಒಳಗೆ ನೋಡಿದ, ನನ್ನ ಮುಖ ನೋಡಿದ, ತಲೆ ತಗ್ಗಿಸಿದ. ನಕ್ಕಿದ್ದರೆ ವಾಸಿಯಿತ್ತು. ಅಷ್ಟರಲ್ಲಿ ಸುದ್ದಿ ಕೇಳಿ ಕೋರಲ್ ಬಂದಳು, ಕೈಯಲ್ಲಿ ಬೆಣ್ಣೆ ಚಾಕು.

"ಕೋರಲ್, ನೀನೇ ಹೇಳು" ಎಂದ ಜೋ, ಮೆಲ್ಲಗೆ. "ನಾನು ಹೇಳಿದ್ರೆ ಚೆನ್ನಾಗಿರಲ್ಲ."

ಅವಳು ಕಿಟಕಿಯೊಳಗೆ ಕೈ ಹಾಕಿ ನಡುಬೀಗದ ಲಿವರ್ ತಳ್ಳಿದಳು. ಟಕ್.

"ಮುಂದಿನ ಚಕ್ರ ಬಿಟ್ಟಿರೋವಾಗ ಬೀಗ ತೆಗೆದ್ರೆ, ಶಕ್ತಿಯೆಲ್ಲ ಸುಲಭದ ಕಡೆ, ಮುಂದಕ್ಕೇ ಓಡಿಹೋಗತ್ತೆ. ಮುಂದ್ಗಡೆ ಅಚ್ಚು ಚಕ್ರಕ್ಕೆ ತಗಲ್ದೇನೇ ಸುಮ್ನೆ ತಿರುಗತ್ತೆ. ಹಿಂದಿನ ಚಕ್ರಕ್ಕೆ ಏನೂ ಬರಲ್ಲ. ಏನೂ ಮುರಿದಿಲ್ಲ, ನೆವ್. ಅವತ್ತು ಮೆಟ್ಟಿಲ ಮೇಲೆ ಇದನ್ನೇ ಹೇಳಿದ್ದು." ನಂತರ ಅಂದಳು, "ಹೋಗು."

ಹೋದೆ. ಗಾಡಿ ಬೆಣ್ಣೆಯ ಹಾಗೆ ಹೋಯಿತು. ಲೆಸ್ ಹಗ್ಗ ಸುತ್ತುತ್ತ, "ನೆವ್, ಮುಂದಿನ ವಾರ ಗ್ರೇಡರೂ ಎಳೀಬೇಕಾ?" ಎಂದ. ಬೀದಿಯುದ್ದಕ್ಕೂ ನಗು ನನ್ನ ಹಿಂದೆಯೇ ಬಂತು. ಮೂವತ್ತೊಂದು ವರ್ಷದ ಮಾನ ಅರ್ಧ ಗಂಟೆಯಲ್ಲಿ ಹೋಯಿತು.

ಜೂನ್ 5, ಭಾನುವಾರ
ನೋವು: ಒಂಬತ್ತು.

ಮನೆಯಿಂದ ಹೊರಗೆ ಹೋಗಲಿಲ್ಲ.

ಜೂನ್ 11, ಶನಿವಾರ
ನೋವು: ಐದು.

ಮಧ್ಯಾಹ್ನ ಕೋರಲ್ ಹೊರಟ ಮೇಲೆ ಹತ್ತು ನಿಮಿಷ ಬಿಟ್ಟು ನಾನೂ ಹೊರಟೆ. ಹಿಂಬಾಲಿಸಿದೆ ಎಂದು ಬರೆಯಲು ನಾಚಿಕೆ, ಆದರೆ ಹಿಂಬಾಲಿಸಿದೆ. ಶೆಡ್ಡಿನ ಹಿಂದಿನ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತೆ. ಒಳಗೆ ಜೋ ಏನೋ ಹೇಳಿದ, ಕೋರಲ್ ನಕ್ಕಳು.

ಆ ನಗು ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ, ಬಾವಿಯ ಪಂಪು ಮೊದಲ ಸಲ ನೀರು ಉಗುಳಿದಾಗ ಹಾಗೆ ನಕ್ಕಿದ್ದಳು. ನಮ್ಮ ಮನೆಯಲ್ಲಿ ಅದನ್ನು ಕೇಳಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆ. ಬರೆದ ಮೇಲೆ ಇನ್ನೂ ನಿಜವೆನಿಸುತ್ತಿದೆ.

ಜೂನ್ 15, ಬುಧವಾರ

ಊಟವಾದ ಮೇಲೆ ಕೋರಲ್ ಮಲಗಿದ್ದಳು. ಟಪಾಲಿನ ಹಿಂದಿನ ದಿನ ಒಂದು ಗಂಟೆ ಮಲಗುವುದು ಅವಳ ಪದ್ಧತಿ. ನಾನು ಹತ್ತೊಂಬತ್ತರ ಸ್ಪ್ಯಾನರ್ ತೆಗೆದುಕೊಂಡು ಅಂಗಳಕ್ಕೆ ಹೋದೆ.

ಯಾಕೆಂದು ಬರೆಯಬೇಕು. ಸಡಿಲಿಸಲು. ಬಲಗಡೆ ಹಬ್‌ನ ಆರು ಬೋಲ್ಟುಗಳಲ್ಲಿ ಎರಡನ್ನು ಅರ್ಧ ಸುತ್ತು. ನೂರು ಕಿಲೋಮೀಟರಿನಲ್ಲಿ ಗ್ರೀಸ್ ಕಕ್ಕುತ್ತದೆ, ಹಬ್ ಅಲ್ಲಾಡುತ್ತದೆ, ಅವಳು ಗಾಡಿಯ ರೇಡಿಯೋದಲ್ಲಿ ನನ್ನನ್ನು ಕರೆಯುತ್ತಾಳೆ. ಜೋನನ್ನಲ್ಲ, ನನ್ನನ್ನು. ಹೀಗೆ ಲೆಕ್ಕ ಹಾಕಿದ್ದೆ. ಆ ದಾರಿಯಲ್ಲಿ ಎರಡು ಫಾರಮ್ಮಿನ ನಡುವೆ ತೊಂಬತ್ತು ಕಿಲೋಮೀಟರು ಹನಿ ನೀರಿಲ್ಲ ಎಂಬುದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಹೋದೆ.

ಹಬ್ ಕೂರಿಸಿದಾಗಿನಿಂದ ಡಚೆಸ್‌ನ ಮುಂದಿನ ಚಕ್ರವನ್ನು ಹತ್ತಿರದಿಂದ ನೋಡಿರಲಿಲ್ಲ. ಹಠ. ಈಗ ಮಂಡಿಯೂರಿ ಹೆಬ್ಬೆರಳಿನಿಂದ ಕೆಂಪು ಧೂಳು ಒರೆಸಿದೆ. ಬೋಲ್ಟಿನ ತಲೆಯ ಮೇಲೆ ಒಂದು ಗುಲಾಬಿ ಗೆರೆ. ಪಕ್ಕದ್ದರ ಮೇಲೂ. ಆರೂ ಬೋಲ್ಟುಗಳ ಮೇಲೆ, ತಲೆಯಿಂದ ಹಬ್‌ನ ಮೈವರೆಗೆ ಹಾದುಹೋದ ತೆಳು ನೇರ ಗೆರೆ. ಉಗುರಿನ ಬಣ್ಣ. ಮೆರ್ಲ್‌ನ ಗಂಡನ ಗಾಡಿಯಲ್ಲಿ ಇದು ಇರಲಿಲ್ಲ.

ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ದೂರದಿಂದಲೇ ಕಾಣುತ್ತದೆ. ಇದು ನನ್ನ ಕೆಲಸ. ನಾನು ಬಿಳಿ ಪೇಂಟಿನಲ್ಲಿ ಹಾಕುತ್ತಿದ್ದೆ, ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಒಂದು ಸಲ ಲಾರಿಯ ಚಕ್ರ ಕಳಚಿದ ಮೇಲೆ ನಾನೇ ರೂಢಿ ಮಾಡಿಕೊಂಡದ್ದು. ಈ ಊರಿನಲ್ಲಿ ಬೇರೆ ಯಾರೂ ಹೀಗೆ ಮಾಡುವುದಿಲ್ಲ. ಜೋಗೆ ಗೊತ್ತಿರಲು ಸಾಧ್ಯವಿಲ್ಲ. ನಾನು ಆ ಗೆರೆ ಎಳೆಯುವುದನ್ನು ನೋಡಿದವರು ಪ್ರಪಂಚದಲ್ಲಿ ಒಬ್ಬರೇ, ಟಾರ್ಚು ಹಿಡಿದವಳು.

"ಸಡಿಲ ಮಾಡೋಕೆ ಬಂದ್ಯಾ, ಬಿಗಿ ಮಾಡೋಕೆ ಬಂದ್ಯಾ?"

ಕೋರಲ್ ಮೆಟ್ಟಿಲ ಮೇಲೆ ನಿಂತಿದ್ದಳು, ಬರಿಗಾಲಲ್ಲಿ. ಸುಳ್ಳು ಹೇಳಬಹುದಿತ್ತು.

"ಸಡಿಲ ಮಾಡೋಕೆ" ಎಂದೆ.

ಅವಳು ಬಂದು ಎದುರಿಗೆ ನೆಲದ ಮೇಲೆ ಕೂತಳು.

"ಮಾಡಿದ್ಯಾ?"

"ಇಲ್ಲ."

ಅವಳು ನನ್ನ ಮಾತು ನಂಬದೆ ಆರೂ ಗೆರೆಗಳನ್ನು ನೋಡಿದಳು. ಎದ್ದು ಹೋಗಿ ಆ ಕಡೆಯ ಆರನ್ನೂ ನೋಡಿ ಬಂದಳು.

"ಇದನ್ನ ಕೂರಿಸಿದ್ದು ನೀನು" ಎಂದೆ.

"ಹೂಂ."

"ಮೆರ್ಲ್ ಗಂಡಂದು?"

"ಅದೂ ನಾನೇ. ಪೊಲೀಸಿಂದೂ, ಕ್ಲಿನಿಕ್ಕಿಂದೂ. ಜೋ ಕೈ ನಡುಗತ್ತೆ ನೆವ್. ಎರಡು ವರ್ಷ ಆಯ್ತಂತೆ, ಚಹಾ ಕಪ್ಪು ನೆಟ್ಟಗೆ ಹಿಡಿಯೋಕಾಗಲ್ಲ. ಅದಕ್ಕೇ ಜೇಬಿಂದ ಕೈ ತೆಗೆಯಲ್ಲ. ಊರಿಗೆ ಗೊತ್ತಾದ್ರೆ ಮರುಕ ತೋರಿಸ್ತಾರೆ ಅಂತ ಅವನಿಗೆ ಹೆದರಿಕೆ. ಅವನು ಬಸ್ ಸೀಟ್ ಮೇಲೆ ಕೂತು ಬಾಯಲ್ಲಿ ಹೇಳ್ತಾನೆ. ನಾನು ಮಾಡ್ತೀನಿ."

"ನನಗೆ ಹೇಳ್ಬಹುದಿತ್ತಲ್ಲ. ನಾನೂ ಬಾಯಲ್ಲಿ ಹೇಳ್ತಿದ್ದೆ."

"ನೀನಾ?" ಕೋರಲ್ ನಕ್ಕಳು, ಆ ನಗುವಲ್ಲ, ಬೇರೆ. "ನೀನು ಎರಡು ನಿಮಿಷ ಹೇಳಿ, ಮೂರನೇ ನಿಮಿಷಕ್ಕೆ ಒಂಟಿ ಕೈಯಲ್ಲಿ ಸ್ಪ್ಯಾನರ್ ಕಿತ್ಕೋತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಒಂದ್ಸಲ ಸ್ಪ್ಯಾನರ್ ನನ್ನ ಕೈಗೆ ಕೊಟ್ಟಿದೀಯಾ? ಕೊಟ್ಟಿದೀಯ, ತೊಳೆಯೋಕೆ. ವಾರಕ್ಕೆ ಎಂಟುನೂರು ಕಿಲೋಮೀಟರ್ ಆ ಗಾಡೀನ ಓಡಿಸೋಳು ನಾನು. ದಾರೀಲಿ ಕೆಟ್ರೆ ಬಿಚ್ಚೋಕೆ ಬರದೇ ರೇಡಿಯೋ ಹಿಡ್ಕೊಂಡು ನಿನಗೋಸ್ಕರ ಕಾಯೋಳೂ ನಾನು."

ಹಾಗೆ ಕಾಯಲಿ ಎಂದೇ ಸ್ಪ್ಯಾನರ್ ಹಿಡಿದು ಬಂದವನು ನಾನು.

"ನಾನು ಬೇರೆ ಏನೋ ಅಂದ್ಕೊಂಡಿದ್ದೆ" ಎಂದೆ.

"ಏನು ಅಂದ್ಕೊಂಡಿದ್ದೆ ಅಂತ ಊರಿಗೆಲ್ಲ ಗೊತ್ತು. ಮೆರ್ಲ್ ನನಗೇ ಹೇಳಿದ್ಲು. ಅದ್ರಿಂದ ನನಗೆ ಅಷ್ಟು ನೋವಾಗ್ಲಿಲ್ಲ ನೆವ್. ಇದ್ರಿಂದ ಆಯ್ತು." ನನ್ನ ಕೈಯಲ್ಲಿದ್ದ ಸ್ಪ್ಯಾನರ್ ತೆಗೆದುಕೊಂಡು ಒಳಗೆ ಹೋದಳು.

ನಾಲ್ಕು ವಾರ ನಾನು ಹೊಟ್ಟೆಕಿಚ್ಚುಪಟ್ಟದ್ದು ಅವಳ ಕೈಕೆಲಸದ ಮೇಲೆ. ಅದು ಗೊತ್ತಾದ ಮೇಲೂ ಹೊಟ್ಟೆಕಿಚ್ಚು ಹೋಗಿಲ್ಲ. ಎಲ್ಲಿಗೆ ಹೋಗಬೇಕೋ ಅದಕ್ಕೂ ತಿಳಿಯದೆ ಇಲ್ಲೇ ಕೂತಿದೆ.

ಜೂನ್ 16, ಗುರುವಾರ

ಬೆಳಿಗ್ಗೆ ಆರಕ್ಕೆ ಟಪಾಲಿನ ಚೀಲಗಳನ್ನು ಹಾಕಿ, ಹತ್ತುವ ಮುಂಚೆ ಕೋರಲ್ ಮುಂದಿನ ಚಕ್ರಗಳ ಬಳಿ ಕೂತಳು. ಬಲಗಡೆ ಆರು. ಎಡಗಡೆ ಆರು. ಬೆರಳಿಟ್ಟು ಒಂದೊಂದನ್ನೂ ನೋಡಿದಳು. ನಾನು ಅಡಿಗೆಮನೆಯ ಕಿಟಕಿಯಲ್ಲಿದ್ದೆ, ಅದು ಅವಳಿಗೆ ಗೊತ್ತಿತ್ತು.

ನನ್ನಿಂದ ಕಾಪಾಡಿಕೊಳ್ಳುತ್ತಿದ್ದಾಳೆ. ಜೋನ ಜೊತೆ ಹೋಗಿಬಿಟ್ಟಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಜೂನ್ 20, ಸೋಮವಾರ

ಇಂದೂ ನೋಡಿದಳು. ಹನ್ನೆರಡನ್ನೂ.

ಜೂನ್ 25, ಶನಿವಾರ

ಜೋನ ಶೆಡ್ಡಿಗೆ ಹೋದೆ, ಮುಂದಿನ ಬಾಗಿಲಿನಿಂದ. ಕೋರಲ್ ಲೆಸ್‌ನ ಗಾಡಿಯ ಅಡಿಯಲ್ಲಿದ್ದಳು. ಬೂಟು ಮಾತ್ರ ಕಾಣುತ್ತಿತ್ತು. ಮೆರ್ಲ್‌ನ ಅಂಗಡಿಯ, ತೆಂಗಿನ ತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು ತಂದಿದ್ದೆ. ಹೇಗೆ ಮಾತು ತೆಗೆಯುವುದೆಂದು ತಿಳಿಯದೆ ಬಸ್ಸಿನ ಸೀಟಿನ ಇನ್ನೊಂದು ತುದಿಯಲ್ಲಿ ಕೂತೆ.

"ಅವತ್ತು ಬೀದೀಲಿ ನಿನ್ನ ಬಗ್ಗೆ ಹೇಳಿದ್ದು ತಪ್ಪು" ಎಂದೆ.

"ನನ್ನ ಕೆಲಸ ಅಂತ ಹೇಳಿದೆ. ನನ್ನದಲ್ಲ. ಹಾಗಾಗಿ ನನಗೆ ತಾಗಲಿಲ್ಲ" ಎಂದ ಜೋ. ಸ್ವಲ್ಪ ಯೋಚಿಸಿ ಜೇಬಿನಿಂದ ಬಲಗೈ ತೆಗೆದು ಕೇಕಿಗೆ ಚಾಚಿದ. ಕೈ ಹೊಸ ಕುರಿಮರಿಯ ಕಾಲಿನ ಹಾಗೆ ನಡುಗುತ್ತಿತ್ತು. ತೆಂಗಿನ ತುರಿಯೆಲ್ಲ ಪ್ಯಾಂಟಿನ ಮೇಲೆ ಉದುರಿತು. ನಾನು ಬೇರೆ ಕಡೆ ನೋಡಲಿಲ್ಲ, ಅವನೂ ಕೈ ಬಚ್ಚಿಡಲಿಲ್ಲ.

"ನಿನ್ನ ಹೆಂಡತಿಗೆ ಯಾರು ಕಲಿಸಿದ್ದು?" ಎಂದು ಕೇಳಿದ. "ನಾನು ಹೇಳೋದಕ್ಕೆ ಮುಂಚೆ ಕೈ ಅಲ್ಲಿರತ್ತೆ. ಗ್ಯಾಸ್ಕೆಟ್ ಕತ್ತರಿಸೋದು ನಾನು ಹೇಳೇ ಇಲ್ಲ."

ಯಾರೂ ಕಲಿಸಲಿಲ್ಲ ಎಂದೆ. ಅದು ನಿಜ. ನಾನು ಒಂದು ದಿನವೂ ಕಲಿಸಲಿಲ್ಲ.

ಜೋ ಕೂದಲಿಗೆ ಬಣ್ಣ ಹಚ್ಚುತ್ತಾನೆ. ಹತ್ತಿರ ಕೂತಾಗ ಕಿವಿಯ ಹಿಂದೆ ಕಂಡಿತು.

ಜುಲೈ 5, ಮಂಗಳವಾರ

ಡಾಕ್ಟರಮ್ಮ ಬಂದಿದ್ದಳು. ಕೈ ತಲೆಯ ಮೇಲಕ್ಕೆ ಹೋಯಿತೆಂದು ಸಂತೋಷಪಟ್ಟಳು. "ಪುಸ್ತಕ ತಂದಿದೀರಾ?" ಎಂದಳು. ನಾಯಿ ಹರಿದುಹಾಕಿತೆಂದೆ. ನಮಗೆ ನಾಯಿ ಇಲ್ಲ.

ಜುಲೈ 9, ಶನಿವಾರ

ಮುಂದಿನ ಚಕ್ರಕ್ಕೆ ಸದಾ ರಜಾ ಕೊಟ್ಟರೆ ಒಳಗಿನ ಎಣ್ಣೆ ಕೆಳಗೇ ನಿಂತು ಮೇಲಿನ ಬೇರಿಂಗ್ ಒಣಗುತ್ತದೆ. ತಿಂಗಳಿಗೊಮ್ಮೆ ಹಬ್ ಕಟ್ಟಿ ಹತ್ತು ಕಿಲೋಮೀಟರು ಓಡಿಸಬೇಕು. ಇದನ್ನು ನಾನು ಹೇಳಿದ್ದಲ್ಲ, ಕೋರಲ್ ನನಗೆ ಹೇಳಿದಳು, ಪೂರ್ತಿ ಕೇಳಿಸಿಕೊಂಡೆ. ಓಡಿಸಿ ಬಂದ ಮೇಲೆ ಎಡಗಡೆ ಹಬ್ ಬಿಚ್ಚಿ ನೋಡಬೇಕು ಎಂದಳು. ನಮ್ಮ ಶೆಡ್ಡಿನಲ್ಲಿ ಹಗಲಲ್ಲೂ ಕತ್ತಲೆ. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ.

"ಸುಮ್ನೆ ನಿಂತಿದೀಯಲ್ಲ, ಟಾರ್ಚ್ ಹಿಡಿ" ಎಂದಳು.

ಎಡಗೈಯಲ್ಲಿ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಎರಡು ನಿಮಿಷಕ್ಕೆ ಮಂಡಿ ಹಿಡಿಯಿತು. ಅವಳು ಬೋಲ್ಟು ಬಿಚ್ಚಿ ಹಳೆಯ ಬಿಸ್ಕತ್ತಿನ ಡಬ್ಬದ ಮುಚ್ಚಳದಲ್ಲಿ ಬಂದ ಕ್ರಮದಲ್ಲೇ ಇಟ್ಟಳು, ಗಡಿಯಾರದ ಅಂಕಿಗಳ ಹಾಗೆ. ನಾನು ಹಾಗೇ ಇಡುತ್ತಿದ್ದೆ. ಒಳಗಿನ ಉಂಗುರ ತೆಗೆಯುವಾಗ ನಾಲಗೆ ತುದಿ ಹಲ್ಲಿನ ನಡುವೆ ಕಚ್ಚಿಕೊಂಡಳು. ಅದು ನನ್ನ ರೂಢಿಯೋ ಅವಳದೋ ಗೊತ್ತಿಲ್ಲ. ಗಾಡಿಯ ಅಡಿಯಲ್ಲಿರುವಾಗ ನನ್ನ ಮುಖ ನನಗೆಲ್ಲಿ ಕಾಣುತ್ತದೆ.

"ಉಂಗುರಾನ ಸ್ವಲ್ಪ ಎಡಕ್ಕೆ..." ಎಂದು ಬಾಯಿ ತೆಗೆದೆ.

"ನೆವ್."

ಮುಚ್ಚಿಕೊಂಡೆ. ಅವಳ ಮುಖದ ಕಡೆಯೇ ನೋಡುತ್ತಿದ್ದೆನೇನೋ, ಬೆಳಕೂ ಅತ್ತಲೇ ಹೋಗಿತ್ತು.

"ನನ್ನ ಮುಖಕ್ಕಲ್ಲ ಕಣೋ, ಕೆಲಸಕ್ಕೆ ಹಿಡಿ."

ಬೆಳಕನ್ನು ಉಂಗುರದ ಕಡೆ ತಿರುಗಿಸಿದೆ. ಟಾರ್ಚು ಹಿಡಿಯುವವರ ಜಾಗದಿಂದ ಎಲ್ಲವೂ ಕಾಣುತ್ತದೆ. ಕೆಲಸ ಮಾಡುವವನಿಗೆ ತನ್ನ ಕೈಯೇ ಅಡ್ಡ ಬರುತ್ತದೆ, ಪಕ್ಕದಲ್ಲಿರುವವರಿಗೆ ಅಡ್ಡವೇನೂ ಇಲ್ಲ. ಇಪ್ಪತ್ತಾರು ವರ್ಷ ಅವಳು ಇಲ್ಲಿ ಕೂತಿದ್ದಳು.

ಮುಗಿಸಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ನನಗಾದರೆ ಅರ್ಧ ಗಂಟೆ ಸಾಕಿತ್ತು. ಇಲ್ಲ, ಮುಕ್ಕಾಲೇ. ಕೊನೆಗೆ ಅವಳು ಗುಲಾಬಿ ಬಾಟಲಿ ತೆಗೆದು ಆರು ಗೆರೆ ಎಳೆದಳು. ಐದನೆಯದು ಸೊಟ್ಟಗಾಯಿತು. ನಾನು ಹೇಳಲಿಲ್ಲ.

ಜುಲೈ 11, ಸೋಮವಾರ

ಬೆಳಿಗ್ಗೆ ಆರು. ಮಂಜು ಬಿದ್ದು ಗಾಜೆಲ್ಲ ಬೆಳ್ಳಗಿತ್ತು. ಕೋರಲ್ ಚೀಲಗಳನ್ನು ಹಾಕಿದಳು, ಚಹಾದ ಫ್ಲಾಸ್ಕ್ ತೆಗೆದುಕೊಂಡಳು, ಬಾಗಿಲು ತೆಗೆದು ನೆಟ್ಟಗೆ ಹತ್ತಿ ಕೂತಳು. ಮುಂದಿನ ಚಕ್ರದ ಕಡೆ ತಿರುಗಿಯೂ ನೋಡಲಿಲ್ಲ. ಎಂಜಿನ್ ಶುರು ಮಾಡಿದಳು.

ಕಿಟಕಿಯಿಂದ ನೋಡುತ್ತಿದ್ದವನು ಚಪ್ಪಲಿಯನ್ನೂ ಹಾಕದೆ ಓಡಿದೆ. ಗಾಡಿಯ ಮುಂದೆ ಎರಡೂ ಕೈ ಎತ್ತಿ ನಿಂತೆ.

"ಏನೋ ಅದು?" ಎಂದಳು.

"ಇರು" ಎಂದೆ.

ಮಂಜಿನ ನೆಲದ ಮೇಲೆ ಮಂಡಿಯೂರಿ ಬಲಗಡೆಯ ಆರನ್ನೂ ನೋಡಿದೆ. ಸುತ್ತಿ ಬಂದು ಎಡಗಡೆಯ ಆರನ್ನೂ ನೋಡಿದೆ. ಎಲ್ಲ ಗೆರೆಗಳೂ ಕೂಡಿದ್ದವು, ಸೊಟ್ಟಗಿದ್ದದ್ದೂ. ಕಿಟಕಿಯೊಳಗೆ ಬಗ್ಗಿ ನಡುಬೀಗದ ಲಿವರ್ ಹಾಕಿದೆಯೇ ಎಂದು ನೋಡಿದೆ. ಹಾಕಿತ್ತು.

"ಹೋಗು" ಎಂದೆ.